ದೋಣಿ ಯಾಕೆ ಮಗುಚುತ್ತದೆ? ನೀರಿನ ವಿಹಾರಕ್ಕೆ ಹೊರಡುವ ಮೊದಲು ತಿಳಿದಿರಬೇಕಾದದ್ದು

ಕಳೆದ ಚಳಿಗಾಲದಲ್ಲಿ ಮಲೆನಾಡಿನ ಹಿನ್ನೀರೊಂದರ ದಡದಲ್ಲಿ ನನ್ನ ಕೈಗೊಂದು ಲೈಫ್ ಜಾಕೆಟ್ ಕೊಟ್ಟರು. ಅದರ ಕಿತ್ತಳೆ ಬಣ್ಣ ಬಿಸಿಲಿಗೆ ಮಾಸಿ ಹೋಗಿತ್ತು. ಎದೆಯ ಮೇಲಿನ ಮೂರು ಬಕಲ್‌ಗಳಲ್ಲಿ ನಡುವಿನದು ಮುರಿದು, ಅಲ್ಲಿ ಯಾರೋ ಸುತಲಿ ಕಟ್ಟಿದ್ದರು. ಜೊತೆಗಿದ್ದ ತಂಗಿಯ ಮಗಳಿಗೆ ಆರು ವರ್ಷ. ಅವಳಿಗೂ ದೊಡ್ಡವರ ಅಳತೆಯದನ್ನೇ ತೊಡಿಸಿದರು. ಅದು ಅವಳ ಮೊಣಕಾಲು ಮುಟ್ಟುತ್ತಿತ್ತು. ‘ಹತ್ತು ನಿಮಿಷದ ಸುತ್ತು ಸಾರ್, ಏನೂ ಆಗುವುದಿಲ್ಲ, ಸುಮ್ಮನೆ ಹೆಗಲಿಗೆ ಹಾಕಿಕೊಳ್ಳಿ’ ಎಂದರು ಬೋಟಿನವರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ವರ್ಷದ ಬಹುತೇಕ ದಿನ ಅಲ್ಲಿ ಏನೂ ಆಗುವುದಿಲ್ಲ. ಹಾಗಾಗಿಯೇ ಮುರಿದ ಬಕಲ್ ಮುರಿದಂತೆಯೇ ಉಳಿಯುತ್ತದೆ.

ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸ, ಜಾತ್ರೆ, ರಜೆ ಎಲ್ಲವೂ ಒಟ್ಟಿಗೆ ಬರುತ್ತವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ, ಕಬಿನಿಯ ಹಿನ್ನೀರಿಗೆ, ಆನೆಗೊಂದಿಯ ಹರಿಗೋಲಿಗೆ, ಗಣೇಶಗುಡಿಯ ರಾಫ್ಟಿಂಗಿಗೆ ಜನ ಹೊರಡುತ್ತಾರೆ. ಅವರಲ್ಲಿ ಹಲವರಿಗೆ ಈಜು ಬಾರದು, ಎಷ್ಟೋ ಮಂದಿ ದೋಣಿ ಹತ್ತುವುದೇ ಮೊದಲ ಸಲ. 2019ರ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಮಂದಿ ಸತ್ತರು. ದೋಣಿಯಲ್ಲಿ ಅದು ಹೊರಬಹುದಾದುದಕ್ಕಿಂತ ಹೆಚ್ಚು ಜನರಿದ್ದರು. ದೇವರ ದರ್ಶನಕ್ಕೆ ಹೋದವರು ದೋಣಿಯ ಲೆಕ್ಕಾಚಾರ ಕಲಿತಿರಬೇಕೆಂದು ಯಾರೂ ಅಪೇಕ್ಷಿಸಲಾರರು. ಆದರೆ ಆ ಲೆಕ್ಕ ಕಷ್ಟದ್ದಲ್ಲ. ಅಡುಗೆಮನೆಯ ಪಾತ್ರೆಗಳಿಂದಲೇ ಅದನ್ನು ತಿಳಿದುಕೊಳ್ಳಬಹುದು.

ನೀರಿನ ಮೇಲೆ ಬೋಗುಣಿ

ಒಂದು ಹಿತ್ತಾಳೆ ಬೋಗುಣಿಯನ್ನು ನೀರು ತುಂಬಿದ ಹಂಡೆಯಲ್ಲಿ ಇಡಿ. ಲೋಹದ್ದಾದರೂ ತೇಲುತ್ತದೆ. ಬೋಗುಣಿ ತಾನು ಕೂರುವ ಜಾಗದಲ್ಲಿದ್ದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳಿಸಿಕೊಂಡ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ತಳ್ಳಿದ ನೀರಿನ ತೂಕ ಬೋಗುಣಿಯ ತೂಕಕ್ಕೆ ಸಮವಾಗುವ ತನಕ ಅದು ಇಳಿದು, ಅಲ್ಲಿಗೆ ನಿಲ್ಲುತ್ತದೆ. ಒಂದು ಹಿಡಿ ಅಕ್ಕಿ ಹಾಕಿದರೆ ಇನ್ನೊಂದಿಷ್ಟು ಇಳಿದು ಮತ್ತೆ ನಿಲ್ಲುತ್ತದೆ. ದೋಣಿ ತೇಲುವುದೂ ಹೀಗೆಯೇ.

ಈಗ ಆರು ಮೀಟರ್ ಉದ್ದ, ಎರಡು ಮೀಟರ್ ಅಗಲದ ದೋಣಿಯೊಂದನ್ನು ಊಹಿಸಿಕೊಳ್ಳಿ. ಅದಕ್ಕೆ ನಿಗದಿಗಿಂತ ಹತ್ತು ಜನ ಹೆಚ್ಚಿಗೆ ಹತ್ತಿದರು. ತಲೆಗೆ ಸರಾಸರಿ 60 ಕಿಲೋ ಎಂದರೂ 600 ಕಿಲೋ ಆಯಿತು. ಇಷ್ಟು ಭಾರಕ್ಕೆ ದೋಣಿ ಎಷ್ಟು ಇಳಿಯಬಹುದು? ಐದಾರು ಸೆಂಟಿಮೀಟರ್, ಅಂದರೆ ಮೂರು ಬೆರಳಗಲ. ದಡದಲ್ಲಿ ನಿಂತು ನೋಡುವವನಿಗೆ ಇದು ಕಾಣುವುದೇ ಇಲ್ಲ. ‘ಇನ್ನೂ ಜಾಗ ಇದೆ, ಹತ್ತಿ’ ಎನ್ನುವ ಮಾತು ಹುಟ್ಟುವುದು ಇಲ್ಲಿಂದ. ದೋಣಿ ಮುಳುಗುವಂತೆ ಕಾಣುವುದಿಲ್ಲ, ನಿಜವಾಗಿ ಆಗ ಮುಳುಗುವುದೂ ಇಲ್ಲ. ಅಪಾಯ ಬರುವುದು ದೋಣಿ ವಾಲಿದಾಗ.

ತಂಜಾವೂರು ಗೊಂಬೆ ಮತ್ತು ನಿಂತ ಮನುಷ್ಯ

ಎಷ್ಟು ಬಗ್ಗಿಸಿದರೂ ಮತ್ತೆ ನೆಟ್ಟಗೆ ನಿಲ್ಲುವ ತಂಜಾವೂರು ಗೊಂಬೆಯನ್ನು ನೋಡಿರುತ್ತೀರಿ. ಅದರ ಬುಡ ಗುಂಡಾಗಿ, ಭಾರವಾಗಿರುತ್ತದೆ, ಮೇಲ್ಭಾಗ ಹಗುರ. ಅದೇ ಗೊಂಬೆಯ ತಲೆಗೆ ಕಲ್ಲು ಕಟ್ಟಿದರೆ ಒಮ್ಮೆ ವಾಲಿದ್ದು ಮತ್ತೆ ಏಳುವುದಿಲ್ಲ.

ದೋಣಿ ಒಂದು ಬದಿಗೆ ವಾಲಿದಾಗ ಆ ಬದಿಯ ಹೊಟ್ಟೆ ನೀರಿನಲ್ಲಿ ಹೆಚ್ಚು ಇಳಿಯುತ್ತದೆ. ಅಲ್ಲಿ ನೀರಿನ ಒತ್ತಡ ಹೆಚ್ಚಿ ದೋಣಿಯನ್ನು ಮೇಲಕ್ಕೆತ್ತಿ ನೆಟ್ಟಗೆ ಮಾಡುತ್ತದೆ. ಒಳಗಿನ ಭಾರ ತಗ್ಗಿನಲ್ಲಿದ್ದರೆ, ನಡುವಿನಲ್ಲಿದ್ದರೆ ಈ ಎತ್ತುವ ಬಲ ಗೆಲ್ಲುತ್ತದೆ. ಭಾರ ಮೇಲಿದ್ದರೆ, ಅದೂ ವಾಲಿದ ಬದಿಗೇ ಸರಿದರೆ, ಆ ಭಾರವೇ ದೋಣಿಯನ್ನು ಇನ್ನಷ್ಟು ಎಳೆಯುತ್ತದೆ. ಒಂದು ಹಂತ ದಾಟಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಅಲ್ಲಿಂದ ಮಗುಚಲು ಕೆಲವೇ ಕ್ಷಣ ಸಾಕು. ಬದುಕುಳಿದವರು ‘ಏನಾಯಿತೆಂದೇ ಗೊತ್ತಾಗಲಿಲ್ಲ’ ಎನ್ನುವುದು ಇದಕ್ಕೇ.

ದೋಣಿಯ ತಳದಲ್ಲಿ ಕುಳಿತವನ ಭಾರ ತಳಕ್ಕೆ ಹತ್ತಿರವಿರುತ್ತದೆ. ಅವನೇ ಎದ್ದು ನಿಂತರೆ ಆ ಭಾರ ಸೊಂಟದ ಎತ್ತರಕ್ಕೆ ಏರುತ್ತದೆ. ಎರಡು ಅಂತಸ್ತಿನ ಬೋಟಿನ ಮಾಳಿಗೆ ಹತ್ತಿದರೆ ಇನ್ನೂ ಮೇಲೆ. ಜನರ ತೂಕ ಅಷ್ಟೇ ಇದ್ದರೂ, ಅದು ಎಲ್ಲಿದೆ ಎಂಬುದರ ಮೇಲೆ ದೋಣಿಯ ಹಣೆಬರಹ ನಿಂತಿರುತ್ತದೆ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಸರೋವರದಲ್ಲಿ ‘ಜಲಕನ್ಯಕಾ’ ಎಂಬ ಎರಡು ಅಂತಸ್ತಿನ ಬೋಟು ಮಗುಚಿ 45 ಮಂದಿ ಸತ್ತರು. ದಡದಲ್ಲಿ ಕಾಡುಪ್ರಾಣಿಗಳು ಕಂಡವೆಂದು ಪ್ರವಾಸಿಗರು ಒಂದೇ ಬದಿಗೆ ಸೇರಿದ್ದರು. ಪ್ರಾಣಿ ನೋಡಲೆಂದೇ ಹೋದವರು ಅವರು. ಪ್ರಾಣಿ ಕಂಡಾಗ ಎದ್ದು ನೋಡುವುದು ಸಹಜ. ಕಬಿನಿಯಲ್ಲಿ ಆನೆ, ರಂಗನತಿಟ್ಟಿನಲ್ಲಿ ಮೊಸಳೆ, ಕಾರವಾರದ ಕಡಲಿನಲ್ಲಿ ಡಾಲ್ಫಿನ್ ಕಂಡಾಗ ನಾವೂ ಅದನ್ನೇ ಮಾಡುತ್ತೇವೆ. ಕುಳಿತಲ್ಲಿಂದಲೇ ಕತ್ತು ತಿರುಗಿಸಿ. ಕಾಣದಿದ್ದರೆ ಬೋಟನ್ನು ತಿರುಗಿಸಿ ತೋರಿಸುವಂತೆ ಕೇಳಿ. ಮಕ್ಕಳಿಗೆ ಇದನ್ನು ದಡದಲ್ಲೇ ಹೇಳಿರಬೇಕು. ಆನೆ ಕಂಡ ಮೇಲೆ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಮಂದಿಯನ್ನು ಬಲಿ ತೆಗೆದುಕೊಂಡ ಬೋಟು ಮೂಲತಃ ಮೀನುಗಾರಿಕೆಯದು. ಮೀನಿನ ದೋಣಿಯಲ್ಲಿ ಹೊರೆ ತಳದಲ್ಲಿರುತ್ತದೆ. ಅದರ ಮೇಲೆ ಮಾಳಿಗೆ ಕಟ್ಟಿ ಜನರನ್ನು ಕೂರಿಸಿದರೆ, ಗೊಂಬೆಯ ತಲೆಗೆ ಕಲ್ಲು ಕಟ್ಟಿದಂತೆಯೇ ಆಯಿತು. ಸತ್ತವರಲ್ಲಿ ಬಹಳ ಮಂದಿ ಮಕ್ಕಳು.

ಇನ್ನೊಂದು ಸೂಕ್ಷ್ಮವಿದೆ. ದೊಡ್ಡ ಪರಾತದಲ್ಲಿ ನೀರು ತುಂಬಿ ಎತ್ತಿಕೊಂಡು ನಡೆದು ನೋಡಿ. ಕೈ ಸ್ವಲ್ಪ ವಾಲಿದರೆ ನೀರೆಲ್ಲ ಆ ಕಡೆಗೇ ನುಗ್ಗುತ್ತದೆ, ಪರಾತ ಇನ್ನಷ್ಟು ವಾಲುತ್ತದೆ. ದೋಣಿಯ ತಳದಲ್ಲಿ ನಿಂತ ನೀರು ಮಾಡುವುದೂ ಇದನ್ನೇ. ಪಾದ ಮುಳುಗುವಷ್ಟು ನೀರು ಒಳಗಿದ್ದರೆ, ಅದನ್ನು ಮೊಗೆದು ಹಾಕುವ ತನಕ ಆ ದೋಣಿ ಹತ್ತುವುದು ಬೇಡ.

ಹರಿಗೋಲಿಗೆ ಬೇರೆಯೇ ಸ್ವಭಾವ. ಬಿದಿರಿನ ಬುಟ್ಟಿ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ತಳ ಅಗಲ, ಚಪ್ಪಟೆ, ಎಲ್ಲರೂ ತಳದಲ್ಲೇ ಕೂರುವುದರಿಂದ ಭಾರ ತಗ್ಗಿನಲ್ಲಿರುತ್ತದೆ. ತುಂಗಭದ್ರೆಯ ಬಂಡೆಗಳ ನಡುವೆ ಶತಮಾನಗಳಿಂದ ಅದು ಜನರನ್ನು ದಾಟಿಸಿರುವುದು ಈ ಗುಣದಿಂದಲೇ. ಆದರೆ ಅದರ ಅಂಚು ನೀರಿಗೆ ಬಹಳ ಹತ್ತಿರ. ಒಬ್ಬರು ಅಂಚಿನ ಮೇಲೆ ಕುಳಿತರೂ ನೀರು ಒಳಬರುತ್ತದೆ. ಫೋಟೋಗಾಗಿ ಅದನ್ನು ಬುಗುರಿಯಂತೆ ತಿರುಗಿಸಲು ಅಂಬಿಗರನ್ನು ಒತ್ತಾಯಿಸುವುದು ನನಗಂತೂ ಸರಿ ಕಾಣುವುದಿಲ್ಲ. ಒತ್ತಾಯಿಸುವವರು ಸಾಮಾನ್ಯವಾಗಿ ನಾವೇ.

ಲೈಫ್ ಜಾಕೆಟ್ ಮಾಡುವ ಕೆಲಸ

ನೀರಿನಲ್ಲಿ ಮನುಷ್ಯನ ದೇಹ ಬಹುಪಾಲು ತಾನಾಗಿಯೇ ತೇಲುವಷ್ಟು ಹಗುರ. ದಡದಲ್ಲಿ 60 ಕಿಲೋ ತೂಗುವವರು ನೀರೊಳಗೆ ಕೆಲವೇ ಕಿಲೋ ತೂಗುತ್ತಾರೆ. ತೊಂದರೆ ಇರುವುದು ತಲೆಯದು. ನಾಲ್ಕೈದು ಕಿಲೋ ಭಾರದ ತಲೆಯನ್ನು ನೀರಿನಿಂದ ಹೊರಗೆ ಎತ್ತಿ ಹಿಡಿಯಲು ಕೈಕಾಲು ಬಡಿಯಬೇಕು. ಈಜು ಬಾರದವರು ಒಂದೆರಡು ನಿಮಿಷದಲ್ಲಿ ದಣಿಯುತ್ತಾರೆ. ಆ ನಾಲ್ಕೈದು ಕಿಲೋ ಭಾರವನ್ನು ನಮ್ಮ ಪರವಾಗಿ ಹೊರುವುದೇ ಜಾಕೆಟ್ಟಿನ ಕೆಲಸ.

ಜಾಕೆಟ್ ಎಷ್ಟು ಎತ್ತುತ್ತದೆ ಎಂಬುದನ್ನು ನ್ಯೂಟನ್ ಲೆಕ್ಕದಲ್ಲಿ ಅದರ ಚೀಟಿಯ ಮೇಲೆ ಬರೆದಿರುತ್ತದೆ. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ. ಅಂತರರಾಷ್ಟ್ರೀಯ ಮಾನದಂಡದಲ್ಲಿ 50 ನ್ಯೂಟನ್‌ನದು ಈಜು ಬಲ್ಲವರಿಗೆ, ದಡದ ಹತ್ತಿರ ಮತ್ತು ನೆರವು ಕೈಗೆಟಕುವಷ್ಟು ದೂರದಲ್ಲಿದ್ದಾಗ ಮಾತ್ರ. ಶಾಂತ ನೀರಿನಲ್ಲಿ, ಈಜು ಬಾರದವರಿಗೂ ಆಗುವುದು 100 ನ್ಯೂಟನ್‌ನದು. ಕಡಲಿಗೆ 150. ಚೀಟಿಯಲ್ಲಿ ಎಷ್ಟು ತೂಕದವರಿಗೆ ಎಂದೂ ಇರುತ್ತದೆ. ಚೀಟಿಯೇ ಇಲ್ಲದ ಜಾಕೆಟ್ ಎಷ್ಟು ಹೊರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ಕೊಡುವವರಿಗೂ ಸೇರಿ.

ಒಳ್ಳೆಯ ಜಾಕೆಟ್ಟಿನ ಕೊರಳ ಹಿಂದೆ ದಪ್ಪ ದಿಂಬಿನಂಥ ಪಟ್ಟಿ ಇರುತ್ತದೆ. ಪ್ರಜ್ಞೆ ತಪ್ಪಿದವರ ತಲೆಯನ್ನು ಹಿಂದಕ್ಕೆ ಆನಿಸಿ, ಮುಖ ಆಕಾಶದ ಕಡೆಗೆ ಇರುವಂತೆ ಮಾಡುವುದು ಅದು. ಎದೆಗಷ್ಟೇ ಇರುವ ತೆಳು ಕೋಟು ತೇಲಿಸುತ್ತದೆ, ಮುಖವನ್ನು ಮೇಲೆ ತಿರುಗಿಸುವ ಭರವಸೆ ಕೊಡುವುದಿಲ್ಲ.

ಆದರೆ ಎಂಥ ಜಾಕೆಟ್ ಆದರೂ ಬಿಗಿಯಾಗಿಲ್ಲದಿದ್ದರೆ ಕೆಲಸಕ್ಕೆ ಬಾರದು. ನೀರಿಗೆ ಬಿದ್ದ ಕ್ಷಣ ಜಾಕೆಟ್ ಮೇಲಕ್ಕೆ ಹಾರುತ್ತದೆ, ದೇಹ ಕೆಳಕ್ಕೆ ಜಾರುತ್ತದೆ. ಇದಕ್ಕೊಂದು ಪರೀಕ್ಷೆಯಿದೆ: ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು, ಕೈಗಳನ್ನು ಮೇಲೆತ್ತಿ ನಿಲ್ಲಿ. ಇನ್ನೊಬ್ಬರು ಜಾಕೆಟ್ಟಿನ ಎರಡೂ ಹೆಗಲು ಹಿಡಿದು ಮೇಲಕ್ಕೆಳೆಯಲಿ. ಗಲ್ಲ, ಕಿವಿ ಮುಚ್ಚುವಷ್ಟು ಮೇಲೆ ಬಂದರೆ ಸಡಿಲವಾಗಿದೆ ಎಂದರ್ಥ. ಆ ದಿನ ನಾನು ತಂಗಿಯ ಮಗಳ ಜಾಕೆಟ್ಟನ್ನು ಹೀಗೆ ಎತ್ತಿದೆ. ಅವಳ ಮುಖವೇ ಒಳಗೆ ಮಾಯವಾಯಿತು. ಬೋಟಿನವರು ಅದನ್ನು ನೋಡಿದರು. ಒಂದು ಮಾತೂ ಆಡದೆ ಹಿಂದಿನ ಶೆಡ್ಡಿಗೆ ಹೋಗಿ, ಪ್ಲಾಸ್ಟಿಕ್ ಕವರಿನಿಂದ ಬಿಚ್ಚದ ಮಕ್ಕಳ ಜಾಕೆಟ್ ತಂದರು. ಇದ್ದದ್ದೇ ಅದು, ಯಾರೂ ಕೇಳಿರಲಿಲ್ಲ.

ಮಕ್ಕಳ ಜಾಕೆಟ್ಟಿಗೆ ಕಾಲುಗಳ ನಡುವಿನಿಂದ ಬರುವ ಪಟ್ಟಿ ಇರಬೇಕು. ಇಲ್ಲವಾದರೆ ಮಗು ಕೆಳಗಿನಿಂದ ಜಾರಿಹೋಗುತ್ತದೆ. ಎಳೆಯ ಕೂಸಿನ ಅಳತೆಗೆ ಜಾಕೆಟ್ ಸಿಗದಿದ್ದರೆ ಆ ಕೂಸು ದಡದಲ್ಲೇ ಇರಲಿ, ಒಬ್ಬ ದೊಡ್ಡವರು ಜೊತೆಗಿರಲಿ. ದುಪಟ್ಟಾದಿಂದ ಮಗುವನ್ನು ತಾಯಿಯ ಮೈಗೆ ಕಟ್ಟಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ. ದೋಣಿ ಮಗುಚಿದರೆ ಆ ಗಂಟು ಇಬ್ಬರಿಗೂ ಕುತ್ತು.

ಜಾಕೆಟ್ ಬೋಟಿನಲ್ಲಿ ‘ಇದೆ’ ಎನ್ನುವುದು ಸಾಲದು, ಮೈಮೇಲೆ ಇರಬೇಕು. ಅಮೆರಿಕದ ಕೋಸ್ಟ್ ಗಾರ್ಡ್ ವರ್ಷವರ್ಷವೂ ಲೆಕ್ಕ ಪ್ರಕಟಿಸುತ್ತದೆ: ದೋಣಿ ಅಪಘಾತದಲ್ಲಿ ಮುಳುಗಿ ಸತ್ತವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಜಾಕೆಟ್ ಧರಿಸಿರುವುದಿಲ್ಲ. ಮುಂಬೈಯ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ‘ನೀಲಕಮಲ್’ ಎಂಬ ಪ್ರಯಾಣಿಕರ ಬೋಟಿಗೆ 2024ರ ಡಿಸೆಂಬರ್ 18ರಂದು ನೌಕಾಪಡೆಯ ವೇಗದ ದೋಣಿ ಬಂದು ಬಡಿಯಿತು. ಅದರಲ್ಲಿದ್ದ ಪ್ರವಾಸಿಗರು ಯಾವ ತಪ್ಪನ್ನೂ ಮಾಡಿರಲಿಲ್ಲ. ಅಂಥ ಹೊತ್ತಿನಲ್ಲಿ ಸೀಟಿನ ಕೆಳಗಿನ ಜಾಕೆಟ್ ಹುಡುಕಲು ಯಾರಿಗೂ ಸಮಯ ಸಿಗುವುದಿಲ್ಲ.

ಎಲ್ಲ ಕಡೆ ಮುಚ್ಚಿದ ಕೆಳ ಅಂತಸ್ತಿನಲ್ಲಿ ಮಾತ್ರ ಜಾಕೆಟ್ ಒಂದೇ ಸಾಲದು. ಬೋಟು ಮಗುಚಿ ಒಳಗೆ ನೀರು ತುಂಬಿದರೆ ಜಾಕೆಟ್ ನಮ್ಮನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ, ಬಾಗಿಲ ಕಡೆಗೆ ಮುಳುಗಿ ಹೋಗಲು ಬಿಡುವುದಿಲ್ಲ. ಅಂಥ ಬೋಟಿನಲ್ಲಿ ಬಯಲಿರುವ ಕಡೆ, ಹೊರದಾರಿಗೆ ಹತ್ತಿರ ಕುಳಿತುಕೊಳ್ಳಿ. ಮಕ್ಕಳಿದ್ದರೆ ಇನ್ನೂ ಅಗತ್ಯ.

ಪರವಾನಗಿ ಎಂದರೆ ಏನು?

ಒಳನಾಡಿನ ನೀರಿನಲ್ಲಿ ಓಡುವ ದೋಣಿಗಳಿಗೆ 2021ರಲ್ಲಿ ಒಳನಾಡು ಹಡಗು ಕಾಯ್ದೆ ಬಂತು. 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದದ್ದು ಇದು. ಇದರ ಪ್ರಕಾರ ಯಂತ್ರದಿಂದ ಓಡುವ ದೋಣಿಯನ್ನು ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು, ನೋಂದಣಿ ಮಾಡಿಸಬೇಕು, ವಿಮೆ ಇರಬೇಕು. ನಮ್ಮ ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ.

ತಪಾಸಣೆ ಮಾಡುವವರು ಗೊಂಬೆಯ ಲೆಕ್ಕವನ್ನೇ ದೋಣಿಗೆ ಹಾಕಿ, ಎಷ್ಟು ಜನ ಕೂರಬಹುದೆಂದು ನಿಗದಿ ಮಾಡುತ್ತಾರೆ. ಬೋಟಿನ ಮೇಲೆ ಬರೆದ ಆ ಸಂಖ್ಯೆ ಬಸ್ಸಿನ ಸೀಟಿನ ಸಂಖ್ಯೆಯಂತಲ್ಲ. ಬಸ್ಸಿನಲ್ಲಿ ಹತ್ತು ಜನ ಹೆಚ್ಚಾದರೆ ಇಕ್ಕಟ್ಟಾಗುತ್ತದೆ, ದೋಣಿಯಲ್ಲಿ ಹತ್ತು ಜನ ಹೆಚ್ಚಾದರೆ ವಾಲಿದ್ದು ಏಳುವುದಿಲ್ಲ. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಮಕ್ಕಳ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅದು ಊರೊಳಗಿನ ಕೆರೆ, ಅಲೆಯಿಲ್ಲ, ಸೆಳವಿಲ್ಲ. ದೋಣಿಯಲ್ಲಿ ನಿಗದಿಗಿಂತ ಬಹಳ ಹೆಚ್ಚು ಮಂದಿಯಿದ್ದರು. ಬಹಳಷ್ಟು ಮಕ್ಕಳ ಮೈಮೇಲೆ ಜಾಕೆಟ್ ಇರಲಿಲ್ಲ.

ಶಾಲಾ ಪ್ರವಾಸ ಕರೆದೊಯ್ಯುವ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೆ: ಹತ್ತುವಾಗ ತಲೆ ಎಣಿಸಿ, ಬೋಟಿನ ಸಂಖ್ಯೆಯೊಂದಿಗೆ ಹೋಲಿಸಿ, ಚಿಕ್ಕ ಮಕ್ಕಳನ್ನೂ ಪೂರ್ತಿ ಒಬ್ಬರೆಂದೇ ಎಣಿಸಿ. ಎರಡು ಸುತ್ತು ಆಗುತ್ತದೆಂದರೆ ಎರಡು ಸುತ್ತೇ ಆಗಲಿ.

ನೀರೆಲ್ಲ ಒಂದೇ ಅಲ್ಲ

ಅಣೆಕಟ್ಟೆಯ ಹಿನ್ನೀರು ನೋಡಲು ಕನ್ನಡಿಯಂತಿರುತ್ತದೆ. ಕೆಳಗೆ ಇರುವುದು ಮುಳುಗಿದ ಕಾಡು. ಲಿಂಗನಮಕ್ಕಿ, ಕಬಿನಿಯಂಥ ಕಡೆ ಒಣಗಿದ ಮರಗಳು ಇನ್ನೂ ನಿಂತಿವೆ. ನೀರು ಇಳಿದಾಗ ಬೊಡ್ಡೆಗಳು ಕಾಣುತ್ತವೆ. ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿರುವುದು ಕಾಣುವುದಿಲ್ಲ, ದೋಣಿಯ ತಳ ಸೀಳುವುದು ಅದೇ. ಆದ್ದರಿಂದ ಹಿನ್ನೀರಿನಲ್ಲಿ ಆ ಜಾಗ ಬಲ್ಲ ಅಂಬಿಗರಿಲ್ಲದೆ ಹೋಗಬಾರದು.

ಅಣೆಕಟ್ಟೆಯ ಕೆಳಗಿನ ಹೊಳೆ ಇದಕ್ಕೆ ತದ್ವಿರುದ್ಧ. ಬಿಸಿಲು ಕಾಯುತ್ತಿರುತ್ತದೆ, ಮಳೆಯ ಸುಳಿವಿರುವುದಿಲ್ಲ, ಆದರೂ ನಿಮಿಷಗಳಲ್ಲಿ ನೀರು ಏರುತ್ತದೆ. ಮೇಲೆ ವಿದ್ಯುತ್ತಿಗಾಗಿಯೋ ಹೊರೆ ಇಳಿಸಲೆಂದೋ ನೀರು ಬಿಟ್ಟಿರುತ್ತಾರೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ಫೋಟೋ ತೆಗೆಯುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟೆಯಿಂದ ಬಂದ ನೀರಿನಲ್ಲಿ ಕೊಚ್ಚಿಹೋದರು. ನಮ್ಮಲ್ಲಿ ಗಣೇಶಗುಡಿಯ ರಾಫ್ಟಿಂಗ್ ನಡೆಯುವುದೂ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆಯೇ. ಸೈರನ್ ಕೇಳಿಸಿದರೆ, ಅಥವಾ ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕದಡಿ ಎಲೆ ಕಡ್ಡಿ ತೇಲಿ ಬರತೊಡಗಿದರೆ, ಚಪ್ಪಲಿ ಚೀಲ ಬಿಟ್ಟು ಮೊದಲು ದಡದ ಎತ್ತರಕ್ಕೆ ಓಡಿ.

ರಾಫ್ಟಿನಿಂದ ಸೆಳವಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಪಾದ ಬಂಡೆಗಳ ಸಂದಿಗೆ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮುಖ ಅಡಿಯಾಗಿ ಕೆಡವುತ್ತದೆ. ಸೊಂಟದಷ್ಟೇ ಆಳದಲ್ಲೂ ಜನ ಹೀಗೆ ಸತ್ತಿದ್ದಾರೆ. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಿ, ಬಂಡೆ ಬಂದರೆ ಕಾಲಿನಿಂದ ಒದೆಯುತ್ತಾ ಸಾಗಿ, ನೀರು ನಿಧಾನವಾದ ಕಡೆ ದಡಕ್ಕೆ ತಿರುಗಿ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮೀನುಗಾರರೇ ಎಚ್ಚರದಿಂದಿರುತ್ತಾರೆ. ಹೊರಹೋಗುವ ಹೊಳೆಯ ನೀರು, ಒಳಬರುವ ಅಲೆ, ಅಡಿಯಲ್ಲಿ ವರ್ಷವರ್ಷವೂ ಜಾಗ ಬದಲಿಸುವ ಮರಳ ದಿಬ್ಬ ಮೂರೂ ಅಲ್ಲಿ ಎದುರುಬದುರಾಗುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಇಳಿತ ಜೋರಿರುವುದರಿಂದ ಸೆಳೆತವೂ ಜೋರು. ನಮ್ಮ ಕರಾವಳಿಯ ನಡುಗಡ್ಡೆ ಜಾತ್ರೆಗಳಿಗೂ ಹುಣ್ಣಿಮೆಗೂ ನಂಟಿದೆ. ಕೂರ್ಮಗಡದ ಜಾತ್ರೆ ನಡೆಯುವುದು ಪುಷ್ಯ ಹುಣ್ಣಿಮೆಯಂದು. ಜಾತ್ರೆಗೆ ಹೋಗಬಾರದೆಂದಲ್ಲ, ಮರಳುವ ಹೊತ್ತನ್ನು ಉಬ್ಬರ ಇಳಿತ ಬಲ್ಲವರನ್ನು ಕೇಳಿ ಗೊತ್ತುಮಾಡಿಕೊಳ್ಳಿ.

ಕಡಲ ದಂಡೆಯಲ್ಲಿ ಆಡುವವರಿಗೆ ದೊಡ್ಡ ಅಪಾಯ ಎದುರಿನಿಂದ ಬರುವ ಅಲೆಯಲ್ಲ, ಹಿಂದಕ್ಕೆ ಹೋಗುವ ನೀರು. ದಂಡೆಗೆ ಬಂದು ಬಿದ್ದ ಅಲೆಗಳ ನೀರೆಲ್ಲ ಹಿಂದಿರುಗಲು ಒಂದು ಕಾಲುವೆ ಹುಡುಕಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ನೋಡಲು ಅಲ್ಲಿಯೇ ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಅಲ್ಲಿಗೇ ಇಳಿಸುತ್ತೇವೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಸತ್ತರು. ಇಂಥ ಸೆಳೆತಕ್ಕೆ ಸಿಕ್ಕವರು ನೇರ ದಡಕ್ಕೆ ಈಜಲು ಹೋದರೆ ದಣಿದು ಸೋಲುತ್ತಾರೆ. ಸೆಳೆತ ನೀರಿನಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ತೇಲುತ್ತಾ ಉಸಿರು ಉಳಿಸಿಕೊಂಡು, ದಂಡೆಗೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ ಅದರಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು.

ಇನ್ನು ಗಾಳಿ ಮತ್ತು ಹೊತ್ತು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಗುಡುಗು ಮಳೆ ಏಳುವುದು ಬೇಗ. ಬಯಲು ನೀರಿನಲ್ಲಿ ದೋಣಿಯಲ್ಲಿರುವವರೇ ಸಿಡಿಲಿಗೆ ಎತ್ತರದ ಗುರಿ. ಗುಡುಗು ಕೇಳಿಸಿದರೆ ದಡಕ್ಕೆ ಬನ್ನಿ. ಸಂಜೆ ಕತ್ತಲಾದ ಮೇಲಿನ ಸುತ್ತು ಬೇಡವೇ ಬೇಡ. ತಾನೂರಿನ ಬೋಟು ಮಗುಚಿದ್ದು ಕತ್ತಲಾಗುವ ಹೊತ್ತಿಗೆ. ಹುಡುಕುವವರ ಕಣ್ಣಿಗೆ ಕತ್ತಲಿನಲ್ಲಿ ಯಾರೂ ಸಿಗುವುದಿಲ್ಲ. ಕುಡಿದವರು ದೋಣಿ ಹತ್ತಬಾರದು, ಕುಡಿದವರು ನಡೆಸುವ ದೋಣಿಯನ್ನಂತೂ ಯಾರೂ ಹತ್ತಬಾರದು.

ಮುಳುಗುವವರು ಕೂಗುವುದಿಲ್ಲ

ಸಿನಿಮಾಗಳಲ್ಲಿ ಮುಳುಗುವವರು ಕೈಬೀಸಿ ‘ಕಾಪಾಡಿ’ ಎಂದು ಕೂಗುತ್ತಾರೆ. ನಿಜದಲ್ಲಿ ಹಾಗೆ ಆಗುವುದು ಅಪರೂಪ. ಬಾಯಿ ನೀರಿನಿಂದ ಮೇಲೆ ಬರುವುದೇ ಅರೆಕ್ಷಣ, ಆ ಅರೆಕ್ಷಣ ಉಸಿರಿಗೇ ಸಾಲದು, ಮಾತು ಎಲ್ಲಿಂದ ಬರಬೇಕು? ಕೈಗಳು ಬೀಸುವುದಿಲ್ಲ, ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದಿರುತ್ತದೆ, ಕೂದಲು ಹಣೆಯ ಮೇಲೆ ಅಂಟಿರುತ್ತದೆ. ಮೆಟ್ಟಿಲಿಲ್ಲದ ಏಣಿ ಹತ್ತುತ್ತಿರುವಂತೆ ಕಾಣುತ್ತಾರೆ. ಇದು ಒಂದು ನಿಮಿಷವೂ ಇರುವುದಿಲ್ಲ. ಪಕ್ಕದಲ್ಲೇ ಆಡುತ್ತಿರುವ ತಂದೆತಾಯಿಗೂ ತಿಳಿಯದೆ ಮಗು ಮುಳುಗುವುದು ಹೀಗೆ. ನೀರಿನಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳಲ್ಲಿ ಒಬ್ಬರು ಸುಮ್ಮನಾದರೆ ತಕ್ಷಣ ನೋಡಿ.

ಕಾಪಾಡಲು ಧುಮುಕುವವರೂ ಸಾಯುವುದು ನಮ್ಮ ಕೆರೆ, ಹೊಳೆ, ಕೃಷಿ ಹೊಂಡಗಳಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಅಣ್ಣನನ್ನು ಹಿಡಿಯಲು ತಂಗಿ, ಇಬ್ಬರನ್ನೂ ಹಿಡಿಯಲು ಅಪ್ಪ ಇಳಿಯುತ್ತಾರೆ. ಮುಳುಗುವವರು ಸಿಕ್ಕಿದ್ದನ್ನು ಹತ್ತಿ ಮೇಲೇರುತ್ತಾರೆ, ಹತ್ತಿರ ಹೋದವರ ಹೆಗಲನ್ನೂ. ಆದ್ದರಿಂದ ದಡದಲ್ಲಿ ಮಲಗಿ ಕೋಲು, ಹುಟ್ಟು, ಪಂಚೆ, ಸೀರೆ ಏನಾದರೂ ಚಾಚಿ. ದೂರವಿದ್ದರೆ ತೇಲುವುದನ್ನು ಎಸೆಯಿರಿ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು ಸುಮಾರು ಐದು ಕಿಲೋ ಹೊರುತ್ತದೆ, ಅಂದರೆ ಒಬ್ಬರ ತಲೆಯನ್ನು ನೀರಿನ ಮೇಲಿಡುವಷ್ಟು. ಅದಕ್ಕೊಂದು ಹಗ್ಗ ಕಟ್ಟಿದ್ದರೆ ಎಳೆದುಕೊಳ್ಳಲೂ ಆಯಿತು.

ದೋಣಿ ಮಗುಚಿದರೆ ಅದನ್ನು ಬಿಡಬೇಡಿ. ಮರದ, ಫೈಬರಿನ ದೋಣಿಗಳು ಮಗುಚಿದ ಮೇಲೂ ಎಷ್ಟೋ ಹೊತ್ತು ತೇಲುತ್ತವೆ. ದಡ ಹತ್ತಿರ ಕಂಡರೂ ಅದು ಕಾಣುವುದಕ್ಕಿಂತ ದೂರ. ನೆರವಿಗೆ ಬರುವವರ ಕಣ್ಣಿಗೆ ಒಂಟಿ ತಲೆಗಿಂತ ದೋಣಿ ಬೇಗ ಬೀಳುತ್ತದೆ. ಕಡಲಿನಲ್ಲಿ ಕೋಸ್ಟ್ ಗಾರ್ಡ್‌ಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093, ಎಲ್ಲಿಯೇ ಆದರೂ 112. ಹೊರಡುವ ಮೊದಲು ದಡದಲ್ಲಿರುವ ಒಬ್ಬರಿಗೆ ಎಲ್ಲಿಗೆ, ಎಷ್ಟು ಜನ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಹೇಳಿರಿ. ನೀರಿಗೆ ಬಿದ್ದ ಮೊಬೈಲಿನಿಂದ ಕರೆ ಹೋಗುವುದಿಲ್ಲ, ದಡದಲ್ಲಿರುವವರ ಮೊಬೈಲಿನಿಂದ ಹೋಗುತ್ತದೆ.

ದಡಕ್ಕೆ ತಂದ ಮೇಲೆ

ನಮ್ಮಲ್ಲಿ ಮುಳುಗಿದವರನ್ನು ತಲೆಕೆಳಗಾಗಿ ಹಿಡಿಯುತ್ತಾರೆ, ತಲೆಯ ಮೇಲೆ ಹೊತ್ತು ಗಿರಗಿರ ತಿರುಗಿಸುತ್ತಾರೆ, ಹೊಟ್ಟೆ ಒತ್ತಿ ನೀರು ತೆಗೆಯುತ್ತಾರೆ. ಈ ಯಾವುದರಿಂದಲೂ ಉಪಯೋಗವಿಲ್ಲ. ಹೊಟ್ಟೆಯ ನೀರು ಕೊಲ್ಲುವುದಿಲ್ಲ, ಉಸಿರಿಲ್ಲದೆ ಕಳೆದ ನಿಮಿಷಗಳು ಕೊಲ್ಲುತ್ತವೆ. ಹೊಟ್ಟೆ ಒತ್ತಿದರೆ ಒಳಗಿನದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಶವವನ್ನು ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆಂಬ ಮೊಬೈಲ್ ಸಂದೇಶವನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮುಳುಗಿ ಸತ್ತ ಬಾಲಕನ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟಿದ್ದರು. ಆ ತಂದೆತಾಯಿಯ ಸಂಕಟ ನೆನೆದರೆ ಮನಸ್ಸು ಕಲಕುತ್ತದೆ. ಅಂಥ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಮಾಡಬೇಕಾದದ್ದು ಬೇರೆ. ಒಬ್ಬರು 108ಕ್ಕೆ ಕರೆ ಮಾಡುತ್ತಿರಲಿ. ಮುಳುಗಿದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಕರೆದು, ಹೆಗಲು ತಟ್ಟಿ ನೋಡಿ. ಉಸಿರಾಟ ಕಾಣದಿದ್ದರೆ ಗಲ್ಲ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡರಿಂದ ಐದು ಸಲ ಊದಿ. ಹೃದಯ ಇದ್ದಕ್ಕಿದ್ದಂತೆ ನಿಂತವರಿಗೆ ಮೊದಲು ಎದೆ ಒತ್ತುತ್ತಾರೆ, ಮುಳುಗಿದವರಿಗೆ ಉಸಿರೇ ಮೊದಲು, ಏಕೆಂದರೆ ಅವರ ರಕ್ತದಲ್ಲಿ ಆಮ್ಲಜನಕ ಆಗಲೇ ಬರಿದಾಗಿರುತ್ತದೆ. ಆಮೇಲೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, ದೊಡ್ಡವರಿಗಾದರೆ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಸಲ ಊದಿ, ಮತ್ತೆ 30 ಒತ್ತಿ. ಚಿಕ್ಕ ಮಕ್ಕಳಿಗೆ ಒಂದೇ ಅಂಗೈ ಸಾಕು. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು. ದಣಿದರೆ ಪಕ್ಕದವರು ಮುಂದುವರಿಸಲಿ.

ಎಚ್ಚರವಾಗಿ ಎದ್ದು ಕುಳಿತವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು. ಶ್ವಾಸಕೋಶಕ್ಕೆ ಸ್ವಲ್ಪವೇ ನೀರು ಹೋಗಿದ್ದರೂ ಕೆಲವು ಗಂಟೆಗಳ ನಂತರ ಅದು ಬಾತು ಉಸಿರಾಟ ಕಷ್ಟವಾಗಬಹುದು. ನೀರಿನಿಂದ ತೆಗೆದ ಮಗು ಅತ್ತು ಸುಮ್ಮನಾಗಿ ಮಲಗಿತು ಎಂದು ಮನೆಗೆ ಕರೆತರಬೇಡಿ. ಬಿಡದ ಕೆಮ್ಮು, ಏದುಸಿರು, ಎಬ್ಬಿಸಿದರೂ ಏಳಲಾಗದ ಮಂಪರು ಕಂಡರೆ ಆ ರಾತ್ರಿಯೇ ವೈದ್ಯರ ಮುಂದಿರಬೇಕು.